ಹರಿಗೋಲು ಎಂಬ ಪದವಿಲ್ಲದ ವಿಧೇಯಕ

ಕೋವಿಡ್ ಮುಗಿದು ಕಚೇರಿಗಳು ಮೊದಲಿನಂತೆ ನಡೆಯತೊಡಗಿದ್ದ ಕಾಲ. ನಾನು ಬೆಂಗಳೂರಿನಲ್ಲಿ ವಿಧಾನಮಂಡಲದ ಸಚಿವಾಲಯದ ಶಾಸನ ಶಾಖೆಯಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದೆ. ಸರ್ಕಾರ ಮಂಡಿಸುವ ವಿಧೇಯಕಗಳ ಭಾಷೆಯನ್ನು ನೋಡುವುದು, ತಿದ್ದುಪಡಿಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು, ಸಮಿತಿಗಳಿಗೆ ಹೋದ ವಿಧೇಯಕಗಳ ಜೊತೆ ಹೋಗಿ ಕೂರುವುದು ನನ್ನ ಕೆಲಸ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದ್ದರಿಂದ ನೂರಾರು ವಿಧೇಯಕಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಬಹಳಷ್ಟು ಈಗ ನೆನಪಿಲ್ಲ. ನದಿ ದಾಟುವವರ ಸುರಕ್ಷತೆಯ ವಿಧೇಯಕ ಮಾತ್ರ ಹಾಗಲ್ಲ.

ರಾಜ್ಯದ ಬೇರೆ ಬೇರೆ ಕಡೆ ದೋಣಿ ಮಗುಚಿ ಜನ ಸತ್ತಿದ್ದರು. ಅಂಥದೊಂದು ದುರಂತ ಹಂಪಿಯ ಹತ್ತಿರ ತುಂಗಭದ್ರೆಯ ದಾಟೊಂದರಲ್ಲಿ, ಅಂದರೆ ಜನರನ್ನು ಹೊಳೆ ದಾಟಿಸುವ ಜಾಗದಲ್ಲಿ, ಆಗಿತ್ತು. ಹೊಸಪೇಟೆಯ ಕಾಲೇಜಿನಲ್ಲಿ ಓದುತ್ತಿದ್ದ ಮೂವರು ಹುಡುಗಿಯರು ಆಚೆ ದಡದ ಊರು ನೋಡಿಕೊಂಡು ಸಂಜೆ ವಾಪಸಾಗುತ್ತಿದ್ದರು. ಜಲಾಶಯದಿಂದ ನೀರು ಬಿಡುವ ಸೂಚನೆ ಅಂದು ಮುಂಚಿತವಾಗಿಯೇ ಬಂದಿತ್ತು. ಆದರೂ ಒಬ್ಬಾತ ತನ್ನ ಹರಿಗೋಲಿನಲ್ಲಿ ಮಿತಿಮೀರಿ ಜನರನ್ನು ಹತ್ತಿಸಿಕೊಂಡು ಹೊರಟ. ನಡುನೀರಿನಲ್ಲಿ ಅದು ಮಗುಚಿತು. ಉಳಿದವರೆಲ್ಲ ಬಂಡೆ ಹಿಡಿದು ಬದುಕಿದರು. ಆ ಮೂವರಲ್ಲಿ ಕಾವ್ಯ ಎಂಬ ಹುಡುಗಿ ಮಾತ್ರ ಸಿಗಲಿಲ್ಲ. ಸಿಕ್ಕಾಗ ಜೀವ ಇರಲಿಲ್ಲ. ಅವಳ ತಂದೆ ಮಲ್ಲಿಕಾರ್ಜುನ, ಸಂಡೂರಿನಲ್ಲಿ ಹೈಸ್ಕೂಲ್ ಮಾಸ್ತರರು. ದೋಣಿಗಳಿಗೆ ಕಾಯ್ದೆ ಬೇಕೆಂದು ಅವರು ಬಳ್ಳಾರಿಯಿಂದ ಬೆಂಗಳೂರಿನವರೆಗೆ ಅಲೆಯದ ಕಚೇರಿ ಇರಲಿಲ್ಲ.

ಕೊನೆಗೆ ವಿಧೇಯಕ ಬಂತು. ಅದರ ಸಾರ ಸರಳವಾಗಿತ್ತು. ಬಾಡಿಗೆಗೆ ಜನರನ್ನು ದಾಟಿಸುವ ಪ್ರತಿಯೊಂದು ದೋಣಿಗೂ ನೋಂದಣಿ ಬೇಕು, ಎಂಜಿನಿಯರ್ ಕೊಟ್ಟ ಅರ್ಹತಾ ಪತ್ರ ಬೇಕು, ಹತ್ತಿದವರಿಗೆಲ್ಲ ಲೈಫ್ ಜಾಕೆಟ್ ಬೇಕು, ತಪ್ಪಿದರೆ ಜೈಲು. ಓದುವವರಿಗೆ ಇದರಲ್ಲಿ ತಕರಾರು ಕಾಣುವುದಿಲ್ಲ. ತಕರಾರು ಇದ್ದದ್ದು ಎರಡನೇ ಖಂಡದಲ್ಲಿ. ಪ್ರತಿ ವಿಧೇಯಕದ ಆರಂಭದಲ್ಲೂ ಪರಿಭಾಷೆಗಳು ಎಂಬ ಭಾಗವಿರುತ್ತದೆ. ಮುಂದೆ ಬಳಸುವ ಪದಗಳಿಗೆ ಈ ಕಾಯ್ದೆಯ ಮಟ್ಟಿಗೆ ಏನು ಅರ್ಥ ಎಂದು ಅಲ್ಲಿ ಕಟ್ಟಿಕೊಡುತ್ತಾರೆ. ಇದರಲ್ಲಿ ‘ದೋಣಿ’ ಎಂದರೆ ಮರ, ಲೋಹ ಅಥವಾ ಫೈಬರಿನಿಂದ ಮಂಜೂರಾದ ವಿನ್ಯಾಸದ ಪ್ರಕಾರ ಕಟ್ಟಿದ್ದು ಎಂದಿತ್ತು. ದೋಣಿಯಲ್ಲದ ಯಾವುದರಲ್ಲೂ ಜನರನ್ನು ದಾಟಿಸತಕ್ಕದ್ದಲ್ಲ ಎಂದು ಐದನೇ ಖಂಡ ಹೇಳುತ್ತಿತ್ತು. ಬಿದಿರು ಹೆಣೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಡಾಂಬರು ಬಳಿದ ಹರಿಗೋಲು ಹೀಗೆ ಸದ್ದಿಲ್ಲದೆ ನಿಷೇಧವಾಗುತ್ತಿತ್ತು. ವಿಧೇಯಕದಲ್ಲಿ ಎಲ್ಲಿಯೂ ಆ ಪದವೇ ಇರಲಿಲ್ಲ.

ಸದನದಲ್ಲಿ ಇದನ್ನು ಯಾರೋ ಗಮನಿಸಿ ಎತ್ತಿದರು. ಚರ್ಚೆ ಬೆಳೆದು ವಿಧೇಯಕ ಸೆಲೆಕ್ಟ್ ಕಮಿಟಿಗೆ ಹೋಯಿತು. ಎಲ್ಲ ಪಕ್ಷಗಳ ಕೆಲವು ಶಾಸಕರು ಕೂತು, ಜನರ ಮಾತು ಕೇಳಿ, ವಿಧೇಯಕವನ್ನು ಖಂಡ ಖಂಡವಾಗಿ ತಿದ್ದಿ ಸದನಕ್ಕೆ ವರದಿ ಕೊಡುವ ಸಮಿತಿ ಅದು. ನನ್ನ ತವರು ಕಂಪ್ಲಿ. ಆ ಕಡೆಯ ಮಾತು ತಿಳಿಯುತ್ತದೆ ಎಂದು ನನ್ನನ್ನೇ ಅದರ ಅಧಿಕಾರಿಯಾಗಿ ಹಾಕಿದರು.

ಮಳೆಗಾಲ ಕಳೆದ ಮೇಲೆ ಹೊಸಪೇಟೆಯ ಒಂದು ಸಭಾಂಗಣದಲ್ಲಿ ಅಹವಾಲು ಸಭೆ ಇಟ್ಟೆವು. ಒಂದು ಕಡೆ ಹರಿಗೋಲಿನವರು, ಇನ್ನೊಂದು ಕಡೆ ದುರಂತದಲ್ಲಿ ನೊಂದವರು ತಾವಾಗಿಯೇ ಬೇರೆ ಬೇರೆ ಕೂತಿದ್ದರು. ಮಲ್ಲಿಕಾರ್ಜುನ ಮಾಸ್ತರರು ಮೊದಲು ಎದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಠ ಮಾಡುವವರ ದನಿ. ಆ ದನಿ ಎಲ್ಲಿಯೂ ಏರಲಿಲ್ಲ.

“ನನಗ ಪರಿಹಾರ ಬ್ಯಾಡ್ರಿ. ಆ ಪುಟ್ಟಿಗಳು ಇನ್ನ ನೀರಿಗಿ ಇಳೀಬಾರದು. ಅಷ್ಟ ನನ್ನ ಅರ್ಜಿ,” ಎಂದು ಹೇಳಿ ಕೂತರು. ಹರಿಗೋಲಿಗೆ ಆ ಕಡೆ ಪುಟ್ಟಿ ಎನ್ನುತ್ತಾರೆ.

ಹರಿಗೋಲಿನವರ ಪರವಾಗಿ ಎದ್ದವಳು ಹುಲಿಗೆಮ್ಮ ಎಂಬ ಹೆಂಗಸು. ನಲವತ್ತರ ಆಸುಪಾಸಿನ ವಯಸ್ಸು. ಗಂಡ ಸಂಡೂರಿನ ಗಣಿ ಲಾರಿಯಲ್ಲಿ ಡ್ರೈವರ್. ಮಾವನಿಂದ ಬಂದ ಹರಿಗೋಲನ್ನು ನಡೆಸುವವರು ಮನೆಯಲ್ಲಿ ಬೇರೆ ಯಾರೂ ಇಲ್ಲದೆ ಇವಳೇ ಹುಟ್ಟು ಹಿಡಿದಿದ್ದಳು. ಅವಳು ಅಧ್ಯಕ್ಷರನ್ನು ಬಿಟ್ಟು ನನ್ನನ್ನೇ ನೋಡಿ ಕೇಳಿದಳು: “ಅಮ್ಮಾರೆ, ಕಾಯ್ದೆದಾಗ ಪುಟ್ಟಿ ಅಂತ ಎಲ್ಲೀನೂ ಬರದಿಲ್ಲಂತ. ಹೆಸರ ಇಲ್ಲದ್ದನ್ನ ಹೆಂಗ ಬಂದ್ ಮಾಡ್ತೀರಿ?”

ಅಧ್ಯಕ್ಷರು ವಿವರಿಸುವಂತೆ ನನಗೆ ಸನ್ನೆ ಮಾಡಿದರು. ದೋಣಿ ಎಂದರೆ ಏನೆಂದು ಕಾಯ್ದೆ ಹೇಳಿಬಿಟ್ಟರೆ ಅದಕ್ಕೆ ಹೊಂದದ್ದೆಲ್ಲ ತಾನಾಗಿಯೇ ಹೊರಗೆ ಬೀಳುತ್ತದೆ ಎಂದು ಹೇಳಿದೆ.

“ಹಂಗಾದ್ರ ಹೆಸರು ಹಿಡಿದ ಬೈರಿ. ಹೆಸರು ಹೇಳದಂಗ ಬಯ್ಯೋದು ನಮ್ಮ ಓಣ್ಯಾಗೂ ಐತಿ,” ಎಂದಳು.

ಸಭೆ ನಕ್ಕಿತು. ಮಾಸ್ತರರು ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ. ಆಚೆ ದಡದ ಗದ್ದೆಗಳಿಗೆ ನಾಟಿಗೆ, ಕಳೆ ತೆಗೆಯಲಿಕ್ಕೆ ಹೋಗುವ ಹೆಂಗಸರು ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರೆ ಅರ್ಧ ಹೊತ್ತು ಅಲ್ಲೇ ಹೋಗುತ್ತದೆ, ಕೂಲಿ ಕೊಡುವವರು ಕಾಯುವುದಿಲ್ಲ ಎಂದಳು. ಫೈಬರ್ ದೋಣಿ ಆ ಬಂಡೆಗಳ ಸಂದಿಯಲ್ಲಿ ತಿರುಗುವುದಿಲ್ಲ ಎಂದು ಇನ್ನೊಬ್ಬರು ಸೇರಿಸಿದರು. ಸಂಜೆಯಾಯಿತು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡದೆ ಎದ್ದುಹೋದರು.

ಮರುದಿನ ಸಮಿತಿ ಸ್ಥಳ ನೋಡಲು ಹಂಪಿಗೆ ಹೋಯಿತು. ಮಾಸ್ತರರನ್ನು ಯಾರೂ ಕರೆದಿರಲಿಲ್ಲ. ಅವರು ಬಸ್ಸಿನಲ್ಲಿ ಬಂದು ನಮಗಿಂತ ಮೊದಲೇ ದಡದ ಮೇಲಿನ ಬಂಡೆಯ ಮೇಲೆ ಕೂತಿದ್ದರು. ಮಗಳು ಹೋದ ಮೇಲೆ ನದಿಯ ಹತ್ತಿರ ಬಂದದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ನೀರು ಇಳಿದು ತಿಳಿಯಾಗಿತ್ತು. ಶಾಸಕರು ಬಿಸಿಲಿಗೆ ಮರದ ನೆರಳು ಹುಡುಕಿ ನಿಂತು ಅಧಿಕಾರಿಗಳ ವಿವರಣೆ ಕೇಳುತ್ತಿದ್ದರು. ಮಾಸ್ತರರು ಎದ್ದು, ತನ್ನ ಹರಿಗೋಲಿನ ಪಕ್ಕ ನಿಂತಿದ್ದ ಹುಲಿಗೆಮ್ಮನ ಹತ್ತಿರ ನೇರವಾಗಿ ಹೋಗಿ, “ನನ್ನ ಆಚೆ ದಡಕ್ಕ ಕರಕೊಂಡು ಹೋಗ್ರಿ,” ಎಂದರು.

ಅವಳು ಅಗ್ನಿಶಾಮಕದವರು ತಂದಿದ್ದ ಲೈಫ್ ಜಾಕೆಟ್ ಇಸಿದುಕೊಂಡು ಬಂದು, “ಇದನ್ನ ಹಾಕ್ಕೊಂಡ್ರ ಬರ್ರಿ,” ಎಂದಳು. ಒಬ್ಬರೇ ಹೋಗುವುದು ನನಗೆ ಸರಿ ಕಾಣಲಿಲ್ಲ. ಅಧ್ಯಕ್ಷರ ಅನುಮತಿ ಪಡೆದು ನಾನೂ ಜಾಕೆಟ್ ತೊಟ್ಟು ಹತ್ತಿದೆ.

ದಡ ಸ್ವಲ್ಪ ಹಿಂದೆ ಬಿತ್ತು. ಮಾಸ್ತರರು ಎರಡೂ ಕೈಯಲ್ಲಿ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಎಷ್ಟು ಜನರನ್ನು ಹತ್ತಿಸುತ್ತೀರಿ ಎಂದು ಕೇಳಿದರು.

“ಹತ್ತಿಸಬೇಕಾದ್ದಕ್ಕಿಂತ ಹೆಚ್ಚಿಗಿ ನಾನೂ ಹತ್ತಿಸೀನ್ರಿ ಸರ. ಸುಳ್ಳು ಯಾಕ ಹೇಳಲಿ,” ಎಂದಳು. “ನಾನು ಬ್ಯಾಡ ಅಂದ್ರ ಬಾಜುದವ್ನು ಬರ್ರಿ ಅಂತಾನ. ಬ್ಯಾಡ ಅಂದಾಕಿಗೆ ಅವತ್ತಿನ ಗಿರಾಕಿನೂ ಇಲ್ಲ, ಮರುದಿನದ ಗಿರಾಕಿನೂ ಇಲ್ಲ.”

ಮಾಸ್ತರರು ಮತ್ತೆ ಕೇಳಿದರು: “ಅವತ್ತು ನೀವು ಎಲ್ಲಿದ್ರಿ?”

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಹರಿಗೋಲು ನಿಧಾನವಾಗಿ ಒಂದು ಸುತ್ತು ತಿರುಗಿತು. “ಆ ದಂಡ್ಯಾಗ ಇದ್ದೆ. ನಿಮ್ಮ ಮಗಳು ಮೊದಲ ನನ್ನ ಕಡೇನ ಬಂದಿದ್ರು. ನೀರು ಬರಾಕತ್ತೈತಿ, ಬ್ಯಾಡವ್ವ, ಸೇತುವಿ ಕಡಿಂದ ಹೋಗ್ರಿ ಅಂದೆ. ಕಡೀ ಬಸ್ ತಪ್ಪತೈತಿ ಅಕ್ಕಾ, ಮನ್ಯಾಗ ಅಪ್ಪ ಕಾಯ್ತಿರ್ತಾರ ಅಂದ್ರು. ಆದ್ರೂ ನಾನು ಒಲ್ಲೆ ಅಂದೆ. ಬಾಜುದವ್ನು ಕರದ. ಹೋದ್ರು.”

ಮಾಸ್ತರರು ಆಚೆ ದಡದ ಕಡೆ ನೋಡಿದರು.

“ಅವ್ನ ಪುಟ್ಟಿ ಹಗ್ಗ ಹಿಡದು ನಿಲ್ಲಿಸಬೇಕಾಗಿತ್ತು. ನಿಲ್ಲಿಸಾಕ ನಾನ್ಯಾರು ಅನ್ನಿಸ್ತು. ಅವ್ನ ಪುಟ್ಟಿ, ಅವ್ನ ಗಿರಾಕಿ. ನಿಮಗ ಹೇಳಬೇಕಂತ ಭಾಳ ಸರ್ತಿ ಅನ್ಕೊಂಡೆ. ಹೇಳಿದ್ರ ನೋವು ಹೆಚ್ಚಾಗತೈತಿ ಅಂತ ಸುಮ್ನಾದೆ.”

ಮಾಸ್ತರರು ಕೇಳಿದ್ದು ಒಂದೇ ಮಾತು: “ಅಪ್ಪ ಕಾಯ್ತಿರ್ತಾರ ಅಂದ್ಲೇನು?”

“ಹೌದ್ರಿ.”

ಅವರು ಅಂಚಿನಿಂದ ಒಂದು ಕೈ ತೆಗೆದು ಮುಖ ಮುಚ್ಚಿಕೊಂಡರು. ಹುಲಿಗೆಮ್ಮ ಮತ್ತೆ ಹುಟ್ಟು ಹಾಕಿದಳು. ನಾನು ನೀರನ್ನು ನೋಡುತ್ತಾ ಕೂತೆ. ಮೂವತ್ತು ವರ್ಷಗಳ ನೌಕರಿಯಲ್ಲಿ ಯಾವ ಸಮಿತಿಯ ಎದುರೂ ನಾನು ಅಂಥ ಸಾಕ್ಷ್ಯ ಕೇಳಿರಲಿಲ್ಲ. ಅದು ಅವರಿಬ್ಬರ ನಡುವಿನ ಮಾತು. ನಡಾವಳಿಯಲ್ಲಿ ನಾನು ಅದನ್ನು ಸೇರಿಸಲಿಲ್ಲ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸಮಿತಿ ಮತ್ತೆ ಸೇರಿದಾಗ ಮಾಸ್ತರರು ತಾವಾಗಿಯೇ ಸಮಯ ಕೇಳಿ ಬಂದರು. ನಿಷೇಧದ ಮಾತನ್ನು ಕೈಬಿಟ್ಟಿದ್ದೇನೆ ಎಂದರು. “ಪುಟ್ಟಿ ಬಂದ್ ಮಾಡಿದ್ರ ಮಂದಿ ಕದ್ದು ದಾಟ್ತಾರ. ಬ್ಯಾಡ ಅಂದವರ ಮಾತು ನಡೆಯೋ ಹಂಗ ಏನಾದ್ರೂ ಬರೀರಿ,” ಎಂದು ಕೈಮುಗಿದರು. ಒಬ್ಬ ಸದಸ್ಯರಿಗೆ ಇದು ಹಿಡಿಸಲಿಲ್ಲ. ನಿಷೇಧ ಜಾರಿ ಮಾಡುವುದು ಸುಲಭ, ಉಳಿದದ್ದೆಲ್ಲ ಪೊಲೀಸರ ತಲೆಗೆ ಕಟ್ಟುವ ಕೆಲಸ ಎಂಬುದು ಅವರ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿ, ಬರೆದು ತನ್ನಿ, ನೋಡೋಣ ಎಂದರು.

ಬರೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅಪಾಯವೆಂದು ಒಬ್ಬರು ನಿರಾಕರಿಸಿದ ಪ್ರಯಾಣಿಕರನ್ನು ಇನ್ನೊಬ್ಬರು ಹತ್ತಿಸಿಕೊಳ್ಳತಕ್ಕದ್ದಲ್ಲ ಎಂದು ಮೊದಲು ಬರೆದೆ. ಕಾನೂನು ತಜ್ಞರು ಅದನ್ನು ಅಲ್ಲೇ ಹೊಡೆದುಹಾಕಿದರು: ಯಾರು ಯಾರನ್ನು ನಿರಾಕರಿಸಿದರು ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಹೇಗೆ? ಕಣ್ಣಿಗೆ ಕಾಣುವ ಗುರುತು ಬೇಕಿತ್ತು. ಹಲವು ಸಲ ಹರಿದು ಬರೆದ ಮೇಲೆ ಒಂದು ಖಂಡ ನಿಂತಿತು. ಪ್ರತಿ ದಾಟಿನಲ್ಲೂ ಕೆಂಪು ಬಾವುಟದ ಕಂಬ ಇರತಕ್ಕದ್ದು. ನೀರು ಬಿಡುವ ಸೂಚನೆ ಬಂದಾಗ, ಅಥವಾ ನೋಂದಾಯಿತರಾದ ಯಾರೇ ಒಬ್ಬರಿಗೆ ಅಪಾಯ ಕಂಡಾಗ, ಬಾವುಟ ಏರಿಸಬಹುದು. ಏರಿದ ಮೇಲೆ ಅಧಿಕಾರಿ ಬಂದು ನೋಡಿ ಇಳಿಸುವವರೆಗೆ ಎರಡೂ ದಡದಲ್ಲಿ ಎಲ್ಲರ ದೋಣಿಯೂ ನಿಲ್ಲತಕ್ಕದ್ದು.

ಹೊಟ್ಟೆಕಿಚ್ಚಿಗೆ ಯಾರಾದರೂ ಏರಿಸಿದರೆ ಎಂದು ಅದೇ ಸದಸ್ಯರು ಕೇಳಿದರು. ಏರಿಸಿದವರ ದೋಣಿಯೂ ನಿಲ್ಲುತ್ತದಲ್ಲ ಸಾರ್ ಎಂದೆ. ಅವರು ಯೋಚಿಸಿ, “ಹಾಗಾದರೆ ಇರಲಿ,” ಎಂದರು. ಎರಡನೇ ಖಂಡದ ಪರಿಭಾಷೆಗೆ ‘ಹರಿಗೋಲು ಅಥವಾ ಪುಟ್ಟಿ’ ಎಂಬ ಪದಗಳು ಸೇರಿದವು. ನೋಂದಣಿ, ಜಾಕೆಟ್, ಅಂಚಿನ ಮೇಲೆ ಬಣ್ಣದಲ್ಲಿ ಬರೆಯಬೇಕಾದ ಜನಮಿತಿ ಹರಿಗೋಲಿಗೂ ಕಡ್ಡಾಯವಾದವು. ಮೊದಲ ತಪ್ಪಿಗೆ ಜೈಲಿನ ಬದಲು ದಂಡ ಬಂತು. ಬಾವುಟ ಮೀರಿದವರಿಗೆ ಮಾತ್ರ ಜೈಲು ಉಳಿಯಿತು. ಅದನ್ನು ಉಳಿಸಬೇಕೆಂದು ಪಟ್ಟು ಹಿಡಿದವರು ಹರಿಗೋಲಿನವರೇ.

ವರದಿ ಸದನಕ್ಕೆ ಹೋದ ಅಧಿವೇಶನ ಬೇರೆ ಯಾವುದೋ ಗದ್ದಲದಲ್ಲಿ ಕೊಚ್ಚಿಹೋಯಿತು. ಮುಂದಿನದರಲ್ಲೂ ಸರದಿ ಬರಲಿಲ್ಲ. ಅಷ್ಟರಲ್ಲಿ ನಾನು ನಿವೃತ್ತಳಾದೆ. ಆಮೇಲೊಂದು ಮಧ್ಯಾಹ್ನ, ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಇದ್ದಾಗ, ವಿಧೇಯಕ ಧ್ವನಿಮತದಿಂದ ಅಂಗೀಕಾರವಾಯಿತು. ಮನೆಯಲ್ಲಿ ಕೂತು ನೇರ ಪ್ರಸಾರ ನೋಡುತ್ತಿದ್ದೆ. ಚಹಾ ಆರುವ ಮೊದಲೇ ಮುಗಿದುಹೋಯಿತು.

ಮಾಸ್ತರರಿಗೆ ಫೋನ್ ಮಾಡಿದೆ. ಅವರಿಗೆ ಸುದ್ದಿ ತಲುಪಿತ್ತು. “ಆಕಿ ಬ್ಯಾಡ ಅಂದಿದ್ಲು ಅಂತ ಗೊತ್ತಾದ್ದು ಒಳ್ಳೇದಾತೋ ಕೆಟ್ಟದಾತೋ ನನಗ ಇನ್ನಾ ತಿಳಿದಿಲ್ಲ ಮೇಡಂ. ಆದ್ರ ನಮ್ಮ ಕಾವ್ಯಾಗ ಒಬ್ಬರು ಅಡ್ಡ ನಿಂತಿದ್ರು ಅನ್ನೋದು ಐತೆಲ್ಲ, ಅದು ಇರ್ಲಿ,” ಎಂದರು.

ಕಳೆದ ಮಳೆಗಾಲದಲ್ಲಿ ಕಂಪ್ಲಿಗೆ ಹೋದವಳು ಹಂಪಿಯಲ್ಲಿ ಇಳಿದು ಆ ದಾಟಿಗೆ ಹೋದೆ. ನದಿ ಕೆಂಪಾಗಿ ತುಂಬಿತ್ತು. ಬಾವುಟ ಮೇಲಿತ್ತು. ಹರಿಗೋಲುಗಳೆಲ್ಲ ದಡದಲ್ಲಿ ಬೋರಲು ಬಿದ್ದಿದ್ದವು. ಅವುಗಳ ಮಗ್ಗುಲಲ್ಲಿ ಹುಲಿಗೆಮ್ಮ ಮತ್ತು ಇನ್ನಿಬ್ಬರು ಕೂತು ಶೇಂಗಾ ಬಿಡಿಸಿ ತಿನ್ನುತ್ತಿದ್ದರು. ಎಲ್ಲಿಂದಲೋ ಬಂದ ಹುಡುಗರ ಗುಂಪೊಂದು ಬಿಡದೆ ಕಾಡುತ್ತಿತ್ತು: ಒಂದೇ ಸಲ, ಎಷ್ಟು ಬೇಕಾದರೂ ಕೊಡುತ್ತೇವೆ, ನೀರು ಅಷ್ಟೇನೂ ಇಲ್ಲವಲ್ಲ.

“ನನ್ನ ಕೇಳಬ್ಯಾಡ್ರಿ ತಮ್ಮಾ. ಕಾಯ್ದೆ ಐತಿ,” ಎಂದಳು ಹುಲಿಗೆಮ್ಮ, ಕಣ್ಣೆತ್ತದೆ.

ಹುಡುಗರು ಅವಳ ಪಕ್ಕದಲ್ಲಿ ಕೂತಿದ್ದವನ ಹತ್ತಿರ ಹೋದರು. ಅವನು ಶೇಂಗಾ ಸಿಪ್ಪೆ ಊದಿ ತಲೆ ಅಲ್ಲಾಡಿಸಿದ. ಅದರಾಚೆಯವನನ್ನು ಅವರು ಕೇಳಲೇ ಇಲ್ಲ. ಗೊಣಗುತ್ತಾ ಬಸ್ಸಿನ ದಾರಿ ಹಿಡಿದರು.

ಕಾನೂನು ಎಂದರೆ ತಪ್ಪು ಮಾಡುವವರನ್ನು ತಡೆಯುವುದು ಎಂದು ಕೆಲಸಕ್ಕೆ ಸೇರಿದಾಗ ಓದಿದ್ದೆ, ಬಹಳ ವರ್ಷ ಅದನ್ನೇ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಸರಿಯಾದದ್ದು ಯಾವುದೆಂದು ತಿಳಿದವರು ಪ್ರತಿ ದಡದಲ್ಲೂ ಒಬ್ಬರಾದರೂ ಇರುತ್ತಾರೆ. ಒಂಟಿಯಾಗಿರುವುದರಿಂದ ಅವರ ಮಾತು ನಡೆಯುವುದಿಲ್ಲ. ವಿಧೇಯಕ ಬರೆಯುವವರು ಮೊದಲು ಅವರನ್ನು ಹುಡುಕಬೇಕು, ಅವರು ಬಾಯಿಬಿಟ್ಟು ‘ಬ್ಯಾಡ’ ಅಂದಾಗ ಆ ಮಾತಿನ ಹಿಂದೆ ಊರೇ ನಿಂತಂತೆ ಆಗಬೇಕು. ಅಷ್ಟಾದರೆ ಉಳಿದ ಖಂಡಗಳು ಹೇಗೋ ನಡೆದುಕೊಂಡು ಹೋಗುತ್ತವೆ.