ಚಾಳೀಸು ಚಾಚಾ ಆರಿಸಿದ ಗಾಜು

ಊರಿಗೆಲ್ಲ ಕಣ್ಣು ಕೊಡುವವರ ಚಾಳೀಸಿಗೆ ಒಂದು ಕಾಲೇ ಇರಲಿಲ್ಲ. ಆ ಬದಿಗೆ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಕೊಂಕಣಿ ನಾಡಿನ ಮ್ಹಾಪಸಾ ಪೇಟೆಯಲ್ಲಿ ಇಬ್ಬರು ನಿಂತರೆ ತುಂಬಿಹೋಗುವ ಕನ್ನಡಕದ ಅಂಗಡಿ ಅವರದು. ಮೂಲ ಗದಗ ಕಡೆಯವರು. ದುಡಿಯಲು ಅಲ್ಲಿಗೆ ಬಂದ ನಮ್ಮ ಕಡೆಯ ಕೂಲಿ ಜನರೆಲ್ಲ ಅವರನ್ನು ಚಾಳೀಸು ಚಾಚಾ ಎನ್ನುತ್ತಿದ್ದೆವು. "ಕಣ್ಣು ಮಂದ ಆಗ್ಯಾವಂತ ಒಬ್ಬರೂ ಒಪ್ಪಂಗಿಲ್ಲ. ಪೇಪರಿನವ್ರು ಅಕ್ಷರ ಸಣ್ಣ ಮಾಡ್ಯಾರ ಅಂತಾರ" ಎಂದು ಗಿರಾಕಿಗಳನ್ನು ಕೆಣಕುವುದು ಅವರ ಚಾಳಿ.

ನಮ್ಮದು ಉಸಗಾಂವದಲ್ಲಿ ರಸ್ತೆ ಬದಿಯ ತಗಡಿನ ಶೆಡ್ಡು. ಸಮಾಧಿಗೆ ಕೂರಿಸುವ ಕರಿಕಲ್ಲಿನಲ್ಲಿ ಸತ್ತವರ ಮುಖ ಕೆತ್ತುವ ಕೆಲಸ. ನಮ್ಮ ಮನೆಯವರು ಫೋಟೋ ನೋಡಿ ಗೆರೆ ಎಳೆಯುತ್ತಿದ್ದರು. ಆ ಗೆರೆಯೊಳಗೆ ಉಕ್ಕಿನ ಮೊಳೆಯಿಂದ ಚುಕ್ಕೆ ಕುಟ್ಟುವವಳು ನಾನು. ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲತೊಡಗಿತು. ನನಗೋ ಒಂದು ಬದನೆಕಾಯಿಯ ಚಿತ್ರ ಬಿಡಿಸಲೂ ಬಾರದು. ಗೆರೆಯಿಲ್ಲದೆ ಚುಕ್ಕೆ ಎಲ್ಲಿ ಇಡಲಿ?

ಒಂದು ಸಣ್ಣ ಪ್ರೊಜೆಕ್ಟರ್ ತಂದೆ. ಕಲ್ಲಿಗೆ ಬಿಳಿ ಬಳಿದು, ಅದರ ಮೇಲೆ ಫೋಟೋ ಬಿಟ್ಟು ಗೆರೆ ತೆಗೆಯುವ ಲೆಕ್ಕಾಚಾರ. ಆದರೆ ಪಾಲಿಶ್ ಮಶೀನು ಬಿಟ್ಟು ಉಳಿದ ಜಾಗವೇ ಒಂದು ಮೊಳದ ಮೇಲೆ ನಾಲ್ಕು ಬೆರಳು. ಅಷ್ಟು ಹತ್ತಿರದಲ್ಲಿ ಮುಖ ಬರೀ ಮಂಜು. ಶೆಡ್ಡಿನ ಹೊರಗಿಟ್ಟರೆ ನಿಚ್ಚಳ, ಆದರೆ ಮೊರದಷ್ಟು ದೊಡ್ಡದು. ನಾನೇ ಬುದ್ಧಿ ಓಡಿಸಿ, ಶುಕ್ರವಾರದ ಸಂತೆಯಲ್ಲಿ ಸಿಗುವ ಓದುವ ಚಾಳೀಸಿನ ಗಾಜು ಕಿತ್ತು ಪ್ರೊಜೆಕ್ಟರಿನ ಮೂತಿಗೆ ಅಂಟಿಸಿದೆ. ನಾಲ್ಕು ದಿನ ಕುಟ್ಟಿದೆ. ಕಲ್ಲು ಮಾಡಲು ಹೇಳಿದ್ದ ವಿಧವೆ ಬಂದು ಗಂಡನ ಮುಖ ನೋಡಿದವಳು ಕೊಂಕಣಿಯಲ್ಲಿ ಒಂದೇ ಮಾತು ಕೇಳಿದಳು: "ಹೊ ಕೋಣ?" ಯಾರಿದು ಅಂತ.

ಗಾಜು ವಾರೆಯಾಗಿ ಕೂತು ಗದ್ದ ಉದ್ದವಾಗಿತ್ತು, ಕಿವಿಗಳು ಕರಗಿಹೋಗಿದ್ದವು. ಆಕೆ ಬಯ್ಯಲಿಲ್ಲ. ಚರ್ಚಿನಲ್ಲಿ ವರ್ಷದ ಪೂಜೆಗೆ ಇನ್ನೂ ಮೂರು ವಾರವಿದೆ, ಮತ್ತೊಮ್ಮೆ ಮಾಡು ಎಂದು ಹೋದಳು. ಈ ಸಲವೂ ತಪ್ಪಿದರೆ ನಮಗೆ ಯಾರೂ ಕಲ್ಲಿನ ಕೆಲಸ ಕೊಡುವುದಿಲ್ಲ, ಶೆಡ್ಡಿಗೆ ಬೀಗವೇ ಗತಿ.

ಚಾಚಾನ ಹತ್ತಿರ ಓಡಿದೆ. ಎಷ್ಟು ದೂರ, ಎಷ್ಟು ಅಗಲ ಎಂದು ಕೇಳಿದರು. ಹತ್ತಿರ, ಸಣ್ಣದು ಎಂದೆ. "ಹತ್ತಿರ ಅಂದ್ರ ನಿಂದು ಬ್ಯಾರೆ, ನಂದು ಬ್ಯಾರೆ. ದಾರಕ್ಕ ಎರಡು ಗಂಟು ಹಾಕ್ಕೊಂಡು ಬಾ ತಂಗೆವ್ವ" ಎಂದು ಬರಿಗೈಲಿ ವಾಪಸು ಕಳಿಸಿದರು. ಒಂದೊಂದು ದಿನವೂ ಬಂಗಾರವಾಗಿದ್ದಾಗ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಹೋದೆ.

ಮರುದಿನ ದೂರಕ್ಕೊಂದು, ಅಗಲಕ್ಕೊಂದು ಗಂಟು ಹಾಕಿದ ದಾರ ಒಯ್ದೆ. ಚಾಚಾ ಡಬ್ಬಿಯಿಂದ ಒಂದೊಂದೇ ಗಾಜು ತೆಗೆದು ಬೀದಿಯ ಬೆಳಕಿಗೆ ಹಿಡಿದರು, ಹಿಂದೆ ಒಂದು ಬಿಳಿ ಕಾಗದ. ಕಾಗದ ಹಿಂದೆಮುಂದೆ ಸರಿಸಿದಾಗ ಒಂದು ಕಡೆ ಬೀದಿ ತಲೆಕೆಳಗಾಗಿ ನಿಚ್ಚಳವಾಗಿ ಮೂಡುತ್ತಿತ್ತು. ಅಲ್ಲಿಂದ ಗಾಜಿಗೆ ನನ್ನ ದಾರ ಹಿಡಿದು ನೋಡುವುದು, ತಲೆಯಾಡಿಸಿ ಬದಿಗಿಡುವುದು. ಕೊನೆಗೆ ಎರಡು ನಂಬರಿನದು ದೂರದ ಗಂಟಿಗೆ ಸರಿಯಾಗಿ ಕೂತಿತು. ಪ್ರೊಜೆಕ್ಟರಿನ ಫೋಕಸನ್ನು ಬಹುದೂರಕ್ಕೆ ಹೊಂದಿಸಿ ಈ ಗಾಜು ಮುಂದಿಟ್ಟರೆ, ಚಿತ್ರ ಆ ಗಂಟಿನ ದೂರದಲ್ಲೇ ಸಣ್ಣದಾಗಿ ಮೂಡುತ್ತದೆ ಎಂದರು. ಪ್ಲಾಸ್ಟಿಕ್ ಬೇಡ, ಶಾಖಕ್ಕೆ ಸೊಟ್ಟಗಾಗುತ್ತದೆ. ಫ್ರೇಮಿಗೆ ಕತ್ತರಿಸದ ದೊಡ್ಡ ಗಾಜೇ ಇರಲಿ, ಬೆಳಕು ಮಾತ್ರ ನಡುವಿನಿಂದ ಹಾಯಲಿ, ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ. ಎಲ್ಲಕ್ಕೂ ಹೂಂ ಅಂದೆ, ಅರ್ಧವೂ ತಲೆಗೆ ಹೋಗಲಿಲ್ಲ. ಅದು ಅವರಿಗೆ ಗೊತ್ತಾಗಿರಬೇಕು.

ಭಾನುವಾರ ಅಂಗಡಿ ಮುಚ್ಚಿ, ಕರೆಯದೆಯೇ, ಬಸ್ಸು ಬದಲಿಸುತ್ತ ಉಸಗಾಂವಕ್ಕೆ ಬಂದುಬಿಟ್ಟರು. ಗಾಜನ್ನು ಮರದ ತುಂಡಿನಲ್ಲಿ ನೆಟ್ಟಗೆ ನಿಲ್ಲಿಸಿದರು, ನಡುವೆ ತೂತಿನ ಕರಿಕಾಗದ ಹಚ್ಚಿದರು. ಮುಖ ಮೂಡಿತು, ಹುಬ್ಬಿನ ಒಂದೊಂದು ಕೂದಲೂ ಕಾಣುವಂತೆ. ಆದರೂ ನಾನೆಳೆದ ಗೆರೆ ಅಲ್ಲಲ್ಲಿ ಜಾರುತ್ತಿತ್ತು. ಆಗ ಚಾಚಾ ಮೂಲೆಯ ಮಂಚದ ಕಡೆ ತಿರುಗಿ ನಮ್ಮ ಮನೆಯವರಿಗೆ ಅಂದರು: "ಗೆರಿ ಎಳಿಯಾಕ ಆಗಂಗಿಲ್ಲ, ಖರೇ. ತಪ್ಪಿದ ಗೆರಿ ಕಾಣತೈತೋ ಇಲ್ಲೋ? ಎದ್ದು ಬರ್ರಿ."

ಆರು ತಿಂಗಳಿಂದ ಗೋಡೆ ನೋಡುತ್ತ ಮಲಗಿದ್ದ ಮನುಷ್ಯ ಎದ್ದು ಬಂದರು. ಎಡಗೈಯಿಂದ ತೋರಿಸಿದರು: ಇಲ್ಲಿ ತುಟಿ ಇನ್ನಷ್ಟು ಕೆಳಗೆ. ನನಗೆ ಇದು ಹೊಳೆದೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ವಿಧವೆ ಬಂದ ದಿನ ನಾನು ಶೆಡ್ಡಿನ ಹಿಂದೆ ನಿಂತಿದ್ದೆ, ಎದುರು ನಿಲ್ಲುವ ಧೈರ್ಯವಿರಲಿಲ್ಲ. ಆಮೇಲೆ ಕೊಂಕಣಿಯಲ್ಲಿ ಜಗಳದ ದನಿ ಕೇಳಿತು, ಈ ಸಲವೂ ತಪ್ಪಿತು ಅಂದುಕೊಂಡೆ. ಇಣುಕಿದರೆ, ಆಕೆ ಜಗಳವಾಡುತ್ತಿದ್ದದ್ದು ಕಲ್ಲಿನ ಗಂಡನ ಜೊತೆ. ಮನೆ ಸೋರುತ್ತಿದೆ, ನೀನು ಇಲ್ಲಿ ನಗುತ್ತ ಕೂತಿದ್ದೀಯಾ ಎಂದು.

ಕಳೆದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಸುದ್ದಿ ತಿಳಿದಾಗ ಮಣ್ಣಾಗಿ ವಾರ ಕಳೆದಿತ್ತು. ಅವರ ಮನೆಗೆ ಹೋಗಿ, ಒಂದು ಫೋಟೋ ಕೊಡಿ, ಕಲ್ಲು ನಾನು ಮಾಡುತ್ತೇನೆ ಎಂದೆ. ಚಾಚಿ ನನ್ನ ಕೈ ಹಿಡಿದುಕೊಂಡು, ನಮ್ಮಲ್ಲಿ ಗೋರಿಗೆ ಮುಖ ಇಡುವುದಿಲ್ಲ ತಾಯಿ ಎಂದರು. ಇಷ್ಟು ವರ್ಷದಲ್ಲಿ ನನಗೆ ಅದೂ ನೆನಪಾಗಿರಲಿಲ್ಲ.

ಮನೆಗೆ ಬಂದಾಗ ನಮ್ಮ ಮನೆಯವರು, ಕಲ್ಲು ಬೇಡವಾದರೆ ಬೇಡ, ಕಾಗದದ ಮೇಲಾದರೂ ಎಡಗೈಲಿ ಬಿಡಿಸಿ ನಮ್ಮ ಹತ್ತಿರವೇ ಇಟ್ಟುಕೊಳ್ಳೋಣ ಎಂದು ಪೆನ್ಸಿಲು ಹಿಡಿದು ಕೂತರು. "ಮೂಗು ಹೆಂಗಿತ್ತು, ಹೇಳು" ಅಂದರು.

ಕಿವಿಗೆ ಸುತ್ತಿದ ದಾರ ನೆನಪಿತ್ತು, ಮೂಗು ನೆನಪಾಗಲಿಲ್ಲ. ಗುರುತಿಲ್ಲದವರ ಮುಖವನ್ನು ನಾಲ್ಕು ನಾಲ್ಕು ದಿನ ನೋಡುತ್ತ ಕೂರುವವಳು ನಾನು. ಚಾಚಾನ ಎದುರು ಕೂತಾಗಲೆಲ್ಲ ನನ್ನ ಕಲ್ಲಿನದೇ ಹೆದರಿಕೆ. ಅವರ ಕೈಯಲ್ಲಿನ ಗಾಜು ಬಿಟ್ಟು ನಾನು ಕಣ್ಣೆತ್ತಿರಲೇ ಇಲ್ಲ.