ಚಹಾಕ್ಕೆ ಮೊದಲು ಒಂದು ಪುಟ

ನಮ್ಮ ಮಾವ ಬೆಳಿಗ್ಗೆ ಚಹಾದ ಕಪ್ಪಿನ ಮೇಲೆ ಬಸಿ ಮುಚ್ಚಿಟ್ಟು, ತೊಡೆಯ ಮೇಲೆ ಪುಸ್ತಕ ತೆರೆದು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದರು. ಕಟ್ಟೆಯ ತುಂಬ ಕಕ್ಷಿದಾರರು ಕಾಯುತ್ತಿರುತ್ತಿದ್ದರು. ಕಲಬುರಗಿಯ ಅದಾಲತ್ತಿನಲ್ಲಿ ಬಾಯಿ ತೆರೆದರೆ ಎದುರು ವಕೀಲರ ಬೆವರಿಳಿಸುತ್ತಿದ್ದ ಮನುಷ್ಯ, ಮನೆಯ ಕಟ್ಟೆಯ ಮೇಲೆ ಒಂದು ಒತ್ತಕ್ಷರಕ್ಕೆ ಸಣ್ಣ ಹುಡುಗನಂತೆ ತಡವರಿಸುವುದನ್ನು ನೋಡುವುದೇ ಒಂದು ಸೊಗಸು.

ಅದು ನಿಜಾಮರ ರಾಜ್ಯ. ಶಾಲೆ, ಕಚೇರಿ, ಅದಾಲತ್ತು ಎಲ್ಲ ಉರ್ದುವಿನಲ್ಲಿ. ಮಾವನ ಉರ್ದು ಕೇಳಿ ಮುನ್ಸಿಫ್ ಸಾಹೇಬರೇ ತಲೆದೂಗುತ್ತಿದ್ದರಂತೆ. ಕನ್ನಡ ಅವರಿಗೆ ಮನೆಯ ಮಾತು, ಜಗಳದ ಮಾತು, ಹೆಂಡತಿಯನ್ನು ಕೂಗುವ ಮಾತು. ಅದರ ಅಕ್ಷರಗಳನ್ನು ಚಿಕ್ಕಂದಿನಲ್ಲಿ ಕಮಲಾಪುರದಲ್ಲಿ ಅಷ್ಟಿಷ್ಟು ಕಲಿತಿದ್ದರು, ಕಲಿತದ್ದರಲ್ಲಿ ಮರೆತದ್ದೇ ಹೆಚ್ಚು. ನಾನು ವಿಜಾಪುರದವಳು. ನಮ್ಮ ಕಡೆ ಇಂಗ್ರೇಜರ ಸರಕಾರ, ಕನ್ನಡ ಸಾಲೆ. ಮದುವೆಯಾಗಿ ಬರುವಾಗ ನನ್ನ ಟ್ರಂಕಿನಲ್ಲಿ ಸೀರೆಗಿಂತ ಪುಸ್ತಕಗಳೇ ಹೆಚ್ಚಿದ್ದವು. ಅತ್ತೆ ಅದನ್ನು ನೋಡಿ ಮೂಗು ಮುರಿದಿದ್ದರು.

ಕಮಲಾಪುರದ ಹಿರಿಯರ ಮನೆಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿ ತಿಂಗಳಿಡೀ ಓದುವ ಪದ್ಧತಿಯಿತ್ತು. ಓದುವವರು ಮನೆಯ ಹಿರಿಯ ಗಂಡಸೇ ಆಗಬೇಕು. ನಾನು ಸೊಸೆಯಾಗಿ ಬಂದ ವರ್ಷ ಮಾವನ ಅಣ್ಣ ತೀರಿಕೊಂಡಿದ್ದರಿಂದ ಪಾಳಿ ಮಾವನಿಗೆ ಬಂತು. ಮಾವನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಕಣ್ಣು ಮಂಜಾಗಿದ್ದರೂ ಕಿವಿ ಬಲು ಚುರುಕು. ಮಗನ ಬಾಯಿಂದ ಪುರಾಣ ಕೇಳಬೇಕೆಂಬುದು ಆಕೆಯ ಬಹುದಿನದ ಆಸೆ. ಆದರೆ ಮಗನಿಗೆ ಪುರಸೊತ್ತಿದ್ದರೆ ತಾನೆ?

ಪೂಜೆಯಾಯಿತು, ಓಣಿಯ ಮಂದಿ ಬಂದು ಕೂತರು. ಮಾವ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಬಲದಿಂದ ಎಡಕ್ಕೆ ಸಾಗುವ ಉರ್ದು ಪುಸ್ತಕ ತೆರೆದೇ ರೂಢಿಯಾದ ಕೈಯಿಂದ ಕೊನೆಯ ಹಾಳೆಯನ್ನೇ ಮೊದಲೆಂದು ತೆರೆದರು. ಅಲ್ಲಿದ್ದದ್ದು ಪುರಾಣ ಮುಗಿಸುವಾಗ ಹೇಳುವ ಮಂಗಳದ ಪದ್ಯ. ಅಕ್ಷರ ಕೂಡಿಸುವುದರಲ್ಲೇ ಮುಳುಗಿದ್ದ ಅವರಿಗೆ ಏನು ಓದುತ್ತಿದ್ದೇನೆಂಬುದು ಹೊಳೆಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತ ನನಗೆ ಹೊಳೆಯಿತು, ಆದರೆ ಹೊಸ ಸೊಸೆ ಮಾವನೆದುರು ಬಾಯಿ ಬಿಡುವುದುಂಟೆ? ಮಂಗಳ ಕಿವಿಗೆ ಬಿದ್ದದ್ದೇ ತಡ, ಮಂದಿ ಎದ್ದು ನಿಂತು ಅಕ್ಷತೆ ಹಾಕಿದರು. ಆಯಿ ತಡಕಾಡುತ್ತ ಬಂದು ಆರತಿ ಬೆಳಗಿದಳು. ಒಂದು ತಿಂಗಳು ನಡೆಯಬೇಕಾದ ಪುರಾಣ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದುಹೋಯಿತು. ಮಂಗಳವಾದ ಮೇಲೆ ಆ ವರ್ಷ ಮತ್ತೆ ಪುರಾಣ ಹಚ್ಚುವಂತಿಲ್ಲ.

ಮಾವ ಪುಸ್ತಕವನ್ನು ಹಿಂದಿನಿಂದ ತೆರೆದಿದ್ದರೆಂದು ತಿಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ. ಆಯಿ ಮಾತ್ರ ನಗಲಿಲ್ಲ.

"ನಿನಗ ಫುರಸತ್ತು ಇಲ್ಲ, ನನಗ ಗೊತ್ತದ ತಮ್ಮಾ. ಮುಂದಿನ ಶ್ರಾವಣಕ್ಕರೆ ಮೊದಲಿನಿಂದ ಓದು. ಅಲ್ಲೀತನಕ ನಾ ಹ್ಯಾಂಗರೆ ಇರ್ತೀನಿ" ಎಂದಳು. ಮಾವನ ನಗು ಅಲ್ಲಿಗೇ ನಿಂತಿತು.

ಕಲಬುರಗಿಗೆ ಮರಳಿದವರೇ ಅದೇ ಪುರಾಣದ ಪುಸ್ತಕ ಹಿಡಿದು ಓದಿಗೆ ಟೊಂಕ ಕಟ್ಟಿದರು. ಮೊದಲು, ರಾತ್ರಿ ಊಟವಾದ ಮೇಲೆ ಓದುವುದೆಂದಾಯಿತು. ನಾಲ್ಕು ಸಾಲು ದಾಟುವುದರೊಳಗೆ ಗೊರಕೆ. ಆಮೇಲೆ ಜುಮ್ಮಾದ, ಅಂದರೆ ಶುಕ್ರವಾರದ, ರಜೆಯಲ್ಲಿ ದಿನವಿಡೀ ಓದುವುದೆಂದಾಯಿತು. ಜುಮ್ಮಾ ಬಂದರೆ ಹಳ್ಳಿಯ ಬೀಗರೆಲ್ಲ ಹಾಜರು. ಕೊನೆಗೆ ಅತ್ತೆಗೆ ರೇಗಿತು. "ಚಹಾ ಒಂದು ದಿನ ಬಿಡಂಗಿಲ್ಲ ನೀವು. ಅದಕ್ಕ ಮೊದಲು ಒಂದು ಪುಟ ಓದ್ರಿ. ಓದಲಿಲ್ಲಂದ್ರ ಚಹಾ ಇಲ್ಲ" ಎಂದು ಹುಕುಂ ಹೊರಡಿಸಿದರು. ಮಾವ ಚಹಾಕ್ಕೆ ಪ್ರಾಣ ಬಿಡುವವರು. ಹಾಗೆ ಹತ್ತಿತು ಓದು.

ತಪ್ಪು ತಿದ್ದುವವರು ಬೇಕಲ್ಲ. ಅತ್ತೆಗೆ ಓದು ಬಾರದು, ನನ್ನ ಯಜಮಾನರು ಹೈದರಾಬಾದಿನಲ್ಲಿ ಓದುತ್ತಿದ್ದರು. ಕೆಲಸ ನನ್ನ ಪಾಲಿಗೆ ಬಂತು. ಮಾವನೊಡನೆ ನೇರವಾಗಿ ಮಾತಾಡುವಂತಿಲ್ಲವಾದ್ದರಿಂದ, ನಾನು ಬಾಗಿಲ ಹಿಂದೆ ಕೂತು ತಪ್ಪಾದಾಗ ಬಳೆ ಕುಲುಕುವುದೆಂದು ಅತ್ತೆಯ ಮೂಲಕ ಕರಾರಾಯಿತು. ಮೊದಮೊದಲು ನನ್ನ ಕೈ ಸೋತುಹೋಗುತ್ತಿತ್ತು. ಒಳಗಿನವರಿಗೆ ಏನೋ ಬೇಕಾಗಿದೆ ನೋಡಿರೆಂದು ಕಕ್ಷಿದಾರರು ಹೇಳಿದರೆ, ಮಾವ ತಲೆಯೆತ್ತದೆ, "ಅವರಿಗೆ ನನ್ನ ತಪ್ಪು ಬೇಕಾಗ್ಯದ" ಎಂದು ಅದೇ ಸಾಲನ್ನು ಮತ್ತೆ ಹಿಡಿಯುತ್ತಿದ್ದರು. ಜ್ವರ ಬಂದ ದಿನವೂ ಓದಿದರು, ದಾವೆ ಸೋತ ಮರುದಿನವೂ ಓದಿದರು. ಮಹಾಗಾಂವದ ಗೌಡರೊಬ್ಬರಂತೂ ತಮ್ಮ ದಾವೆಯ ತಾರೀಖು ಇಲ್ಲದಿದ್ದರೂ ಊರಿಗೆ ಬಂದಾಗಲೆಲ್ಲ ಕಟ್ಟೆಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು.

ದೀಪಾವಳಿಗೆ ನನ್ನನ್ನು ತವರಿಗೆ ಕಳಿಸಲಿಲ್ಲ. ಆ ಸಿಟ್ಟಿಗೆ ಒಂದು ದಿನ ಸರಿಯಾಗಿ ಓದಿದ ಸಾಲಿಗೂ ಬಳೆ ಕುಲುಕಿದೆ. ಮಾವ ಮತ್ತೆ ಓದಿದರು, ಮತ್ತೆ ಕುಲುಕಿದೆ. ಅವರು ಪುಸ್ತಕ ಮಡಚಿ ಅತ್ತೆಯನ್ನು ಕರೆದು, "ಸಾಲು ಸರಿ ಅದ. ಬಳಿಗೆ ಸಿಟ್ಟು ಬಂದದ. ಸೊಸಿನ್ನ ನಾಕು ದಿನ ತವರಿಗೆ ಕಳಸು" ಎಂದರು. ತವರಿಗೆ ಹೋಗುವ ಖುಷಿಗಿಂತ, ಮಾವನಿಗೆ ಸರಿ ಯಾವುದು ತಪ್ಪು ಯಾವುದು ತಾನಾಗಿಯೇ ತಿಳಿಯುತ್ತಿದೆಯಲ್ಲ ಎಂಬ ಖುಷಿ ನನಗೆ ಹೆಚ್ಚಾಯಿತು.

ಇಷ್ಟೊಂದು ದಾವೆಗಳ ನಡುವೆ ಓದುವುದು ಹೇಗೆಂದು ಜೊತೆಯ ವಕೀಲರು ಕೇಳಿದರೆ ಅವರದು ಒಂದೇ ಉತ್ತರ: "ಓದಾಕ ಫುರಸತ್ತು ಬೇಕಾಗಂಗಿಲ್ಲರೀ. ಚಹಾದ ಚಟ ಇದ್ದರ ಸಾಕು."

ಮುಂದಿನ ಶ್ರಾವಣಕ್ಕೆ ದಾವೆಗಳನ್ನೆಲ್ಲ ಮುಂದೆ ಹಾಕಿಸಿಕೊಂಡರು. ಮುನ್ಸಿಫರು ಕಾರಣ ಕೇಳಿದ್ದಕ್ಕೆ, ತಾಯಿಯ ಅದಾಲತ್ತಿನಲ್ಲಿ ಹೋದ ವರ್ಷದ ವಿಚಾರಣೆಯ ಪೇಶಿ ಬಾಕಿ ಉಳಿದಿದೆ ಎಂದು ಉರ್ದುವಿನಲ್ಲಿ ಅರಿಕೆ ಮಾಡಿಕೊಂಡರಂತೆ. ಅವರೂ ನಕ್ಕು ಒಪ್ಪಿದರಂತೆ.

ಆಯಿ ತನ್ನ ಮಾತಿನಂತೆ ಕಾದಿದ್ದಳು. ಬಡಕಲಾಗಿದ್ದಳು, ಆದರೂ ದಿನಾ ಸಂಜೆ ಕಂಬಕ್ಕೆ ಒರಗಿ ಕೂತು ಪೂರ್ತಿ ಕೇಳಿದಳು. ಮಾವ ಮೊದಲ ಪುಟದಿಂದ ಹಿಡಿದು ಎಲ್ಲಿಯೂ ತಡವರಿಸದೆ ಓದಿದರು. ಬಾಗಿಲ ಹಿಂದೆ ನನ್ನ ಕೈಗೆ ಕೆಲಸವೇ ಇರಲಿಲ್ಲ. ಕೊನೆಯ ದಿನ ಮಂಗಳವಾದಾಗ ಆಯಿ ಆರತಿ ಬೆಳಗಿ, ಮಗನ ಮುಖವನ್ನೆಲ್ಲ ಕೈಯಿಂದ ಸವರಿ, "ಈಗ ತುಂಬ್ತು ತಮ್ಮಾ" ಎಂದಳು.

ಮಾವ ಬಾಗಿಲ ಕಡೆ ಕೈ ತೋರಿಸಿದರು. "ನನಗ ಓದಾಕ ಕಲಸಿದಾಕಿ ಒಳಗ ಕೂತಾಳವ್ವಾ. ಆಕಿಗೂ ಬೆಳಗು" ಎಂದರು.

ತುಂಬಿದ ಮನೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಆಯಿ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದು ಬಂದು ನನಗೆ ಆರತಿ ಬೆಳಗಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಆಯಿ ಹೋದ ಮೇಲೂ ಮಾವ ಓದು ಬಿಡಲಿಲ್ಲ. ಪುರಾಣ ಮುಗಿಸಿ ನನ್ನ ಟ್ರಂಕಿಗೆ ಕೈ ಹಾಕಿದರು, ವರ್ಷಗಳು ಕಳೆದಂತೆ ಅದನ್ನೂ ಬರಿದು ಮಾಡಿದರು. ಅಷ್ಟರಲ್ಲಿ ನಮ್ಮ ನಡುವಿನ ಸಂಕೋಚ ಹೋಗಿ ನೇರವಾಗಿ ಮಾತಾಡುತ್ತಿದ್ದೆವು. ತಮ್ಮನ ಮದುವೆಗೆಂದು ನಾನು ವಿಜಾಪುರಕ್ಕೆ ಹೊರಟಾಗ ಟೇಶನ್ನಿಗೆ ಅವರೇ ಬಂದರು. ಗಾಡಿ ಬಿಡುವಾಗ ಕಿಟಕಿಯ ಹತ್ತಿರ ಬಂದು, "ಬರೂವಾಗ ಒಂದು ದಪ್ಪಂದು ಪುಸ್ತಕ ತಾರವಾ. ತೆಳ್ಳಂದು ತಂದ್ರ ಲಗೂ ತೀರತದ" ಎಂದರು.

ನಾನು ಅಂಗಡಿಯಲ್ಲಿ ಹುಡುಕಿ ಹುಡುಕಿ ಎಲ್ಲಕ್ಕಿಂತ ದಪ್ಪದ್ದನ್ನೇ ಕೊಂಡೆ. ಅದನ್ನು ಹಿಡಿದು ಮರಳುವಷ್ಟರಲ್ಲಿ ಮಾವ ಇರಲಿಲ್ಲ. ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿದ್ದರು.

ದಿನಕರ್ಮಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ ನಾನು ಆ ಪುಸ್ತಕ ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ನಮ್ಮ ಮನೆಯ ಹೆಂಗಸರು ಯಾರೂ ಅಲ್ಲಿ ಕೂತವರಲ್ಲ. ಮೊದಲ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ. ಅತ್ತೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ಬಾ ಎನ್ನಲಿಲ್ಲ, ಪುಟ ಮುಗಿಯುವವರೆಗೂ ನಿಂತು ಕೇಳಿದರು.