ಹೊತ್ತು ಮುಳುಗುವ ಮೊದಲು ಒಂದು ಅಂಟಿನ ಉಂಡೆ

ನಮ್ಮ ಗೋಕಾಕ ಸೀಮೆಯಲ್ಲಿ ಸಂತೋಷದ ಸುದ್ದಿಯನ್ನು ಯಾರೂ ಕಿವಿಗಷ್ಟೇ ಹೇಳುವುದಿಲ್ಲ, ಬಾಯಿಗೂ ಹೇಳುತ್ತಾರೆ. ಮಗ ಪಾಸಾದರೆ ಪೇಢೆ, ಎಮ್ಮೆ ಈದರೆ ಗಿಣ್ಣ, ಟ್ರ್ಯಾಕ್ಟರ್ ಬಂದರೆ ಕರದಂಟು. ಅದನ್ನೂ ಕೈಗೆ ಕೊಟ್ಟು ಸುಮ್ಮನಾಗುವ ಸಂಪ್ರದಾಯ ನಮ್ಮದಲ್ಲ. ಬೆರಳುಸಮೇತ ಬಾಯೊಳಗಿಟ್ಟು, ಗಂಟಲಮಣಿ ಒಮ್ಮೆ ಮೇಲೇರಿ ಕೆಳಗಿಳಿಯುವವರೆಗೆ ಎದುರಿಗೆ ನಿಂತು ನೋಡುತ್ತಾರೆ. ನೀವು ಈ ಕಡೆಯವರಲ್ಲದಿದ್ದರೆ ಇದನ್ನು ಬಲಾತ್ಕಾರವೆಂದೀರಿ. ನಾವು ಮರ್ಯಾದೆ ಎನ್ನುತ್ತೇವೆ.

ಈ ಮರ್ಯಾದೆಯನ್ನು ನಾನು ನಲವತ್ತೆಂಟು ವರ್ಷ ಚಾಚೂ ತಪ್ಪದೆ ಸ್ವೀಕರಿಸಿದ್ದರ ಫಲವಾಗಿ ನನ್ನ ತೂಕ ನೂರಾ ಮೂವತ್ತೆಂಟು ಕಿಲೋ ಮುಟ್ಟಿತು. ಕೊಣ್ಣೂರಿನ ಒಂದು ಮದುವೆಯಲ್ಲಿ ನಾನು ಜಿಲೇಬಿ ತಿನ್ನುತ್ತಿರುವ ವಾರ್ತೆ ಒಲೆಯವರೆಗೂ ಹೋಗಿ, ಅಡುಗೆಯವನೇ ಜಾಲರಿ ಸೌಟು ಹಿಡಿದುಕೊಂಡು ನೋಡಲು ಬಂದಿದ್ದ. ಅದನ್ನು ನಾನು ಸನ್ಮಾನವೆಂದೇ ಭಾವಿಸಿದ್ದೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವನು. ಅಟ್ಟದ ಮೇಲಿನ ಗ್ಲೋಬನ್ನು ಇಳಿಸುವ ಅಗತ್ಯ ಹುಡುಗರಿಗೆ ಎಂದೂ ಬೀಳಲಿಲ್ಲ. ಕೊನೆಗೆ ಮೊಣಕಾಲುಗಳು ರಾಜೀನಾಮೆ ಕೊಟ್ಟವು, ಮಲಗಿದರೆ ಉಸಿರು ನಡುನಡುವೆ ರಜೆ ಹಾಕತೊಡಗಿತು. ಮೊಬೈಲು ಫೋನು ನಮ್ಮೂರಿಗೆ ಬಂದ ಹೊಸದರಲ್ಲಿ, ಜಠರವನ್ನೇ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯೊಂದಿದೆ ಎಂದು ಕೇಳಿ ಮುಂಬಯಿಗೆ ಹೋದೆ. ಹಿಂತಿರುಗಿದಾಗ ನನ್ನ ಹೊಟ್ಟೆಯಲ್ಲಿ ಚಹಾದ ಕಪ್ಪಿನಷ್ಟು ಜಾಗ ಉಳಿದಿತ್ತು.

ಸಿಹಿಯ ಬಗ್ಗೆ ಡಾಕ್ಟರು ಕೊಟ್ಟ ಸೂತ್ರ ಸರಳವಾದದ್ದು: ಬೇಡವೇ ಬೇಡ, ತಪ್ಪಿಸಲಾಗದಿದ್ದರೆ ಬಟಾಣಿ ಕಾಳಿನಷ್ಟು, ಅದೂ ಬಾಯಲ್ಲಿ ನೀರಾಗುವವರೆಗೆ ಅಗಿದು. ಈ ಸೂತ್ರವನ್ನು ಮೂಡಲಗಿಯಲ್ಲಿ ಗೆಳೆಯನ ಬಟ್ಟೆ ಅಂಗಡಿಯ ಪೂಜೆಯ ದಿನ ಮುರಿದೆ. ಎರಡೇ ಪೇಢೆ. ಹತ್ತು ನಿಮಿಷದಲ್ಲಿ ಎದೆ ಡವಗುಟ್ಟಿ, ಮೈಯೆಲ್ಲ ಬೆವರಿ, ಹೊಚ್ಚಹೊಸ ಗಾದಿಯ ಮೇಲೆ ಅಡ್ಡಾದೆ. ಮೊದಲ ಗಿರಾಕಿ ಬರುವ ಮುನ್ನ ಅಂಗಡಿಗೆ ನನ್ನನ್ನು ಆಸ್ಪತ್ರೆಗೆ ಒಯ್ಯುವ ಜೀಪು ಬಂತು. ಅಂದಿನಿಂದ ಸಿಹಿಯನ್ನು ಕಂಡರೆ ಕೈ ಮುಗಿದು ದೂರ ಸರಿಯತೊಡಗಿದೆ.

ದೂರ ಸರಿದದ್ದರ ಬೆಲೆಯನ್ನು ತೆತ್ತದ್ದು ಮಾತ್ರ ನಾನಲ್ಲ, ನನ್ನ ಸೋದರ ಸೊಸೆ ತ್ರಿಶಲಾ. ಮೂಡಲಗಿಯಲ್ಲಿರುವ ನನ್ನ ತಂಗಿಯ ಮಗಳು, ತಂದೆಯಿಲ್ಲದ ಹುಡುಗಿ. ಅವಳ ಮದುವೆಯ ಮಾತಿನಲ್ಲಿ ಹಿರಿಯನ ಜಾಗ ಸೋದರಮಾವನಾದ ನನ್ನದು. ವರನ ಮನೆಯ ಸಿಹಿಯನ್ನು ಮಾವ ತಿಂದರೆ ಸಂಬಂಧ ಒಪ್ಪಿಗೆ, ತಿನ್ನದಿದ್ದರೆ ಇಲ್ಲ; ಬಾಯಿಬಿಟ್ಟು ಹೇಳುವ ಮುಜುಗರವೇ ಬೇಡವೆಂದು ನಮ್ಮ ಹಿರಿಯರು ಕಂಡುಕೊಂಡ ಉಪಾಯವಿದು. ಕೌಜಲಗಿಯ ಮನೆಯೊಂದರಲ್ಲಿ ನಾನು ಲಾಡುವಿಗೆ ಕೈ ಮುಗಿದೆ. ಅವರು ಅದನ್ನು ತಮಗೇ ಮುಗಿದ ಕೈಯೆಂದು ತಿಳಿದು ಮರುದಿನವೇ ಬೇರೆ ಹುಡುಗಿಯನ್ನು ನೋಡಹೋದರು. ಸುದ್ದಿ ಕೇಳಿದ ತ್ರಿಶಲಾ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಮರುವರ್ಷ ಹುಕ್ಕೇರಿಯಿಂದ ಮಾತು ಬಂತು. ಹುಡುಗ ಅವಳೊಡನೆ ಶಿಕ್ಷಕರ ತರಬೇತಿ ಕಲಿತವನು. ಹೊರಡುವ ಮುನ್ನ ತಂಗಿ ನನ್ನನ್ನು ಮೂಲೆಗೆ ಕರೆದು, “ಅಣ್ಣಾ, ಆಪರೇಶನ್ ಅಂತ ಬಾಯಿ ಬಿಡಬ್ಯಾಡ. ಮನಿತನಕ್ಕ ರೋಗ ಐತಿ ಅಂತಾರ” ಎಂದಳು. ಅವಳ ಬೆನ್ನಿಗೇ ಬಂದ ತ್ರಿಶಲಾ, “ಮಾಮಾ, ಈ ಸಲ ಒಂದ ತುಣುಕರ ತಿನ್ರಿ. ಅವರ ಬಿಟ್ಟು ನನಗ ಬ್ಯಾರೆ ಯಾರೂ ಬ್ಯಾಡ” ಎಂದು ನೆಲ ನೋಡಿದಳು. ನಾನು ತಿನ್ನುತ್ತೇನೆಂದು ಮಾತು ಕೊಟ್ಟೆ, ಜೊತೆಗೆ ಬಾಯಿ ಬಿಡುವುದಿಲ್ಲವೆಂದೂ. ಎರಡೂ ಒಂದೇ ಬಾಯಿಯ ಕೆಲಸವೆಂಬುದು ಆಗ ಹೊಳೆಯಲಿಲ್ಲ.

ಕಬ್ಬು ಕಡಿಯುವ ಕಾಲ. ದಾರಿಯುದ್ದಕ್ಕೂ ಕಬ್ಬಿನ ಟ್ರೇಲರುಗಳ ಹಿಂದೆ ತೆವಳಿ ನಾನು, ತಂಗಿ, ತ್ರಿಶಲಾ ಹುಕ್ಕೇರಿ ಮುಟ್ಟುವಾಗ ಹೊತ್ತು ಮುಳುಗಲು ಇನ್ನೊಂದೇ ತಾಸು. ನಾವೂ ಅವರೂ ಜೈನರು. ಸೂರ್ಯ ಹೋದ ಮೇಲೆ ಅನ್ನ ಮುಟ್ಟುವವರಲ್ಲ. ಮಾವ ಸಿಹಿ ತಿಂದ ಹೊರತು ಎಲೆ ಹಾಕುವಂತಿಲ್ಲ, ಹೊತ್ತು ಮುಳುಗಿದರೆ ಉಣ್ಣುವಂತಿಲ್ಲ. ಪಡಸಾಲೆಯಲ್ಲಿ ನಲವತ್ತು ಮಂದಿ ಹಸಿದು ಕುಳಿತಿದ್ದರು. ಹುಡುಗನ ಅಜ್ಜಿ ಬಂದು, ತಾವೇ ಕಟ್ಟಿದ ಅಂಟಿನ ಉಂಡೆಯನ್ನು ನನ್ನ ಬಾಯಿಯ ಹತ್ತಿರ ತಂದರು. ನಿಂಬೆಹಣ್ಣಿಗಿಂತ ದೊಡ್ಡದು. ಮೊದಲಾಗಿದ್ದರೆ ಒಂದೇ ತುತ್ತು. ನಾನು ನಯವಾಗಿ ಅದನ್ನು ಕೈಗೆ ತೆಗೆದುಕೊಂಡು, ಬಟಾಣಿಯಷ್ಟು ಮುರಿದು, ಅಗಿಯತೊಡಗಿದೆ.

ಅಗಿದೆ. ಇನ್ನೂ ಅಗಿದೆ. ನಲವತ್ತು ಜೋಡಿ ಕಣ್ಣು ನನ್ನ ದವಡೆಯ ಮೇಲೆ, ಆಗಾಗ ಕಿಟಕಿಯಾಚೆಯ ಬಿಸಿಲಿನ ಮೇಲೆ. ಎರಡನೆಯ ಚೂರಿಗೆ ಕೈ ಹಾಕುವಷ್ಟರಲ್ಲಿ ಹುಡುಗನ ಕಾಕಾ, “ಯಾಕೋ ಮಾಮಾರಿಗೆ ನಮ್ಮ ಸಂಬಂಧ ಸೇರಿದಂಗ ಕಾಣ್ಸವಲ್ದು” ಎಂದುಬಿಟ್ಟರು. ತಂಗಿಯ ಮುಖ ಬಿಳಿಚಿತು. ಬಾಗಿಲ ಬಳಿಯಿದ್ದ ತ್ರಿಶಲಾ ನನ್ನನ್ನು ನೋಡಿದ ನೋಟ ಕೌಜಲಗಿ ಕೈತಪ್ಪಿದ ದಿನದ್ದೇ. ಇಡೀ ಉಂಡೆ ನುಂಗಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಆದರೆ ನಿಶ್ಚಯದ ಹೊತ್ತಿನಲ್ಲಿ ಮಾವ ಪಡಸಾಲೆಯಲ್ಲಿ ಅಡ್ಡಬಿದ್ದರೆ ಅದಕ್ಕಿಂತ ದೊಡ್ಡ ಅಪಶಕುನವಿದೆಯೇ? ಬಾಯಲ್ಲಿದ್ದುದನ್ನು ಮುಗಿಸಿ, ತಂಗಿಗೆ ಕೊಟ್ಟ ಮಾತನ್ನು ಮುರಿದೆ.

“ಸಂಬಂಧ ಭಾಳ ಸೇರೇತ್ರಿ. ಹೊಟ್ಟಿ ಸಣ್ಣದೈತಿ. ಮುಂಬೈಗೆ ಹೋಗಿ ಕೊಯ್ಸಿ ಸಣ್ಣದು ಮಾಡಿಸ್ಕೊಂಡೇನಿ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಏನ ರೋಗ ಇತ್ತೋ ತಮ್ಮಾ?” ಎಂದು ಕೇಳಿದರು.

“ರೋಗ ಅಲ್ರಿ ಅಜ್ಜಿ. ಒಲ್ಲೆ ಅನ್ನಾಕ ಬರ್ತಿದ್ದಿಲ್ರಿ.”

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡು ಪಡಸಾಲೆಯ ಕಡೆ ತಿರುಗಿದರು. “ಕೊಯ್ಸಿಕೊಂಡ ಹೊಟ್ಟಿ ತಗೊಂಡು ಬಂದು ನಮ್ಮನಿ ಉಂಡಿ ತಿನ್ನಾಕತ್ತಾನ. ಇದಕ್ಕಿಂತ ಒಪ್ಪಿಗಿ ಏನ ಬೇಕ್ರಿ ನಿಮಗ? ಎಲಿ ಹಾಕ್ರಿ!”

ಎಲೆಗಳು ಬಿದ್ದವು, ಜನ ಉಂಡರು. ಅಜ್ಜಿ ಮಾತ್ರ ನನ್ನೆದುರು ಕುಳಿತು, ಉಂಡೆಯನ್ನು ಮುರಿದು ದೊಡ್ಡ ಪಾಲನ್ನು ತ್ರಿಶಲಾಳ ಕೈಗಿತ್ತು, ಅಡಿಕೆಯಷ್ಟನ್ನು ನನಗೆ ಉಳಿಸಿದರು. ಅದನ್ನು ಚೂರುಚೂರಾಗಿ ತಿಂದೆ, ಮತ್ತು ನಿಜ ಹೇಳುತ್ತೇನೆ, ಜೀವಮಾನದಲ್ಲಿ ಮೊದಲ ಸಲ ಅಂಟಿನ ಉಂಡೆಯ ರುಚಿ ನೋಡಿದೆ. ತುಪ್ಪದಲ್ಲಿ ಅರಳಿದ ಅಂಟು, ಹುರಿದ ಗಸಗಸೆ, ಉತ್ತತ್ತಿ, ಹಿಂದೆ ಎಲ್ಲೋ ಜಾಜಿಕಾಯಿ. ಇಷ್ಟು ವರ್ಷ ಇವೆಲ್ಲ ನಾಲಿಗೆಯ ಮೇಲೆ ಒಂದು ಕ್ಷಣವೂ ನಿಲ್ಲದೆ ನೇರ ಹೊಟ್ಟೆಗೆ ಹೋಗಿದ್ದವು. ಜಾಜಿಕಾಯಿ ಹಾಕಿದ್ದೀರಲ್ಲ ಎಂದಾಗ ಅಜ್ಜಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡರು. ಅರವತ್ತು ವರ್ಷ ಉಂಡೆ ಕಟ್ಟಿದರೂ ಅದನ್ನು ಯಾರೂ ಗುರುತಿಸಿರಲಿಲ್ಲವಂತೆ.

ಕೊನೆಯ ಚೂರು ಮುಗಿದಾಗ ಸೂರ್ಯನ ಅಂಚು ಕಬ್ಬಿನ ಗದ್ದೆಯ ಮೇಲೆ ಇನ್ನೂ ಇತ್ತು. ಹಣೆ ಮುಟ್ಟಿ ನೋಡಿಕೊಂಡೆ, ಒಂದು ಹನಿ ಬೆವರಿಲ್ಲ. ಅಜ್ಜಿ ನನ್ನ ಗದ್ದ ಹಿಡಿದು, “ಆ ಅನ್ನು” ಎಂದರು. ಐವತ್ತರ ಮೇಷ್ಟ್ರು, ನಲವತ್ತು ಮಂದಿಯೆದುರು, ನಾನು ಬಾಯಿ ಅಗಲಿಸಿ “ಆ” ಎಂದೆ. ಅವರು ಒಳಗೆ ಇಣುಕಿ ನೋಡಿ, “ಖಾಲಿ ಐತಿ. ಮಾತು ಮುಗೀತು, ಹುಡುಗಿ ನಮ್ಮಾಕಿ!” ಎಂದು ಕೂಗಿದಾಗ, ತ್ರಿಶಲಾ ಎಲ್ಲರೆದುರೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಮೊದಲ ಸಲ ಅವಳ ಎರಡೂ ಕೈಗಳು ನನ್ನ ಬೆನ್ನ ಹಿಂದೆ ಒಂದನ್ನೊಂದು ಮುಟ್ಟಿದವು.